ಆನ್ಸಿ ಸರೋವರದ ದಂಡೆಯಲ್ಲಿ ಒಂದು ಪ್ರಶ್ನೆ

ಮೂವತ್ತೈದು ವರ್ಷಗಳ ಸರ್ಕಾರಿ ಸೇವೆಯಲ್ಲಿ ನಾನು ಉತ್ತರಿಸಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ವಿಧಾನಮಂಡಲದ ಚುಕ್ಕೆ ಗುರುತಿನ ಪ್ರಶ್ನೆಗಳು, ಲೆಕ್ಕಪರಿಶೋಧಕರ ಆಕ್ಷೇಪಣೆಗಳು, ನ್ಯಾಯಾಲಯದ ನೋಟಿಸುಗಳು, ಜನಸ್ಪಂದನ ಸಭೆಗಳಲ್ಲಿ ರೈತರು ಏರುದನಿಯಲ್ಲಿ ಕೇಳಿದ ಪ್ರಶ್ನೆಗಳು. ಉತ್ತರ ತಿಳಿಯದಿದ್ದಾಗ 'ವಿಷಯವು ಪರಿಶೀಲನೆಯಲ್ಲಿದೆ' ಎಂದು ಬರೆಯುವ ವಿದ್ಯೆ ನನ್ನಂಥವರಿಗೆ ಬಹು ಬೇಗ ಕರಗತವಾಗುತ್ತದೆ. ಆದರೆ ಒಂದು ಪ್ರಶ್ನೆಗೆ ಮಾತ್ರ ಆ ವಿದ್ಯೆಯೂ ಒದಗಲಿಲ್ಲ. ಅದನ್ನು ಕೇಳಿದವರು ಶಾಸಕರಲ್ಲ, ನ್ಯಾಯಾಧೀಶರೂ ಅಲ್ಲ. ಫ್ರಾನ್ಸಿನ ಒಂದು ಸರೋವರದ ದಂಡೆಯಲ್ಲಿ ನಮಗೆ ಎರಡು ದಿನಗಳ ಮಟ್ಟಿಗೆ ಕೋಣೆ ಬಾಡಿಗೆ ಕೊಟ್ಟಿದ್ದ, ಎಪ್ಪತ್ತರ ಆಸುಪಾಸಿನ ಒಬ್ಬ ಮನೆಯೊಡತಿ. "ನಿಮ್ಮ ಊರಿನ ಕೆರೆಗೆ ಯಜಮಾನರು ಯಾರು?" ಎಂಬುದು ಆಕೆಯ ಪ್ರಶ್ನೆಯಾಗಿತ್ತು.

1999ರ ಜೂನ್ ತಿಂಗಳ ಮಾತು. ನಾನು ಆಗ ನಿಯೋಜನೆಯ ಮೇಲೆ ಜಿನೀವಾದ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ಪರದೇಶದಲ್ಲಿ ನೆಲೆಸಿದವರಿಗೆ ವಾರದ ಐದು ದಿನಗಳು ಕಚೇರಿಯಲ್ಲಿ ಹೇಗೋ ಕಳೆದುಹೋಗುತ್ತವೆ. ಊರು ನೆನಪಾಗುವುದು ಶನಿವಾರ, ಭಾನುವಾರಗಳಂದು. ಅಂಗಡಿಗಳು ಬಾಗಿಲು ಹಾಕಿ, ಬೀದಿಗಳು ಬಿಕೋ ಎನ್ನುವ ಜಿನೀವಾದ ಭಾನುವಾರವನ್ನು ಅನುಭವಿಸಿದವರಿಗೆ ಈ ಮಾತು ಅರ್ಥವಾದೀತು. ಹಾಗಾಗಿ ನಾವು ಐದು ಜನ ಒಂದು ಗುಂಪು ಕಟ್ಟಿಕೊಂಡಿದ್ದೆವು. ನಾನು ಮತ್ತು ನನ್ನ ಪತ್ನಿ. ನಗರದ ಹೊರವಲಯದ ಸೆರ್ನ್ ಪ್ರಯೋಗಾಲಯದಲ್ಲಿ ವಿಜ್ಞಾನಿಯಾಗಿದ್ದ ಧಾರವಾಡದ ಮಿತ್ರರು ಮತ್ತು ಅವರ ಮಡದಿ. ನನ್ನ ಕಚೇರಿಯ ಸಹೋದ್ಯೋಗಿಯಾಗಿದ್ದ ಕೋಲ್ಕತ್ತದ ಬ್ರಹ್ಮಚಾರಿ. ತಿಂಗಳಿಗೊಮ್ಮೆ ಎಲ್ಲಿಗಾದರೂ ಹೋಗಿಬರುವುದು ನಮ್ಮ ವಾಡಿಕೆ.

ಜಿನೀವಾದಲ್ಲಿಯೇ 580 ಚದರ ಕಿಲೋಮೀಟರ್ ವಿಸ್ತಾರದ ಲೆಮಾನ್ ಸರೋವರ ಇರುವಾಗ ಇನ್ನೊಂದು ಸರೋವರವನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ನನ್ನ ಪತ್ನಿ ಕೇಳಿದ್ದುಂಟು. ಧಾರವಾಡದ ಮಿತ್ರರ ಉತ್ತರ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಪೂರ್ತಿ ಒಪ್ಪಿಗೆಯಾಯಿತು: "ವೈನೀ, ಗಡಿ ದಾಟಿದ್ರ ಎಲ್ಲಾ ಸೋವಿ ನೋಡ್ರಿ." ಸ್ವಿಟ್ಜರ್ಲೆಂಡಿಗಿಂತ ಫ್ರಾನ್ಸ್ ಅಗ್ಗ ಎಂಬುದು ಜಿನೀವಾ ವಾಸಿಗಳೆಲ್ಲ ಬಲ್ಲ ಸತ್ಯ. ಆನ್ಸಿ ಪಟ್ಟಣ ಅಲ್ಲಿಂದ ಸುಮಾರು 40 ಕಿಲೋಮೀಟರ್. ಸ್ವಿಟ್ಜರ್ಲೆಂಡ್ ಷೆಂಗೆನ್ ವ್ಯವಸ್ಥೆಯನ್ನು ಸೇರಿದ್ದು 2008ರ ಡಿಸೆಂಬರಿನಲ್ಲಿ. ನಮ್ಮ ಕಾಲಕ್ಕೆ ಗಡಿ ದಾಟಲು ಭಾರತೀಯ ಪಾಸ್‌ಪೋರ್ಟಿನ ಮೇಲೆ ಫ್ರಾನ್ಸಿನ ವೀಸಾ ಬೇಕಾಗಿತ್ತು. ಯೂರೋ ನೋಟುಗಳು ಇನ್ನೂ ಕೈಗೆ ಬಂದಿರಲಿಲ್ಲ. ವೀಸಾ ಮಾಡಿಸಿಕೊಂಡು, ಸ್ವಿಸ್ ಫ್ರಾಂಕನ್ನು ಫ್ರೆಂಚ್ ಫ್ರಾಂಕಿಗೆ ಬದಲಾಯಿಸಿಕೊಂಡು, ಚಿತ್ರಾನ್ನ, ಮೊಸರನ್ನ, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಡಬ್ಬಿಗಳನ್ನು ಹೊತ್ತು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆವು.

ಆನ್ಸಿ ಹಳೆಯ ಸವಾಯ್ ಸೀಮೆಯ ಊರು. 1860ರಲ್ಲಿ ಫ್ರಾನ್ಸಿಗೆ ಸೇರುವ ಮೊದಲು ಈ ಸೀಮೆ ಸಾರ್ಡೀನಿಯಾ ರಾಜ್ಯದ ಭಾಗವಾಗಿತ್ತು. ಸರೋವರದ ನೀರು ಊರಿನ ನಡುವಿನಿಂದಲೇ ತಿಯೂ ಎಂಬ ಪುಟ್ಟ ನದಿಯಾಗಿ ಹೊರಗೆ ಹರಿಯುತ್ತದೆ. ಆ ನದಿಯ ನಡುವೆ, ಹಡಗಿನ ಮೂತಿಯಂತೆ ಚೂಪಾಗಿ ನಿಂತಿರುವ ಒಂದು ಕಲ್ಲಿನ ಕಟ್ಟಡವಿದೆ. ಹನ್ನೆರಡನೆಯ ಶತಮಾನದ್ದು. ಒಂದು ಕಾಲಕ್ಕೆ ನ್ಯಾಯಾಲಯ, ಇನ್ನೊಂದು ಕಾಲಕ್ಕೆ ಟಂಕಸಾಲೆ, ಮತ್ತೊಂದು ಕಾಲಕ್ಕೆ ಸೆರೆಮನೆ. "ನಮ್ಮ ತಾಲ್ಲೂಕು ಕಚೇರಿ ಇದ್ದ ಹಾಗೆ, ಎಲ್ಲವೂ ಒಂದೇ ಸೂರಿನಡಿ" ಎಂದು ನಾನು ಹೇಳಿದಾಗ ನಕ್ಕವರು ನನ್ನ ಪತ್ನಿ ಒಬ್ಬರೇ. ತರುಣ ರೂಸೋ ತನ್ನ ಬದುಕನ್ನೇ ಬದಲಿಸಿದ ಮದಾಂ ದ ವರಾನ್ಸ್ ಅವರನ್ನು ಮೊದಲು ಕಂಡದ್ದು 1728ರಲ್ಲಿ ಇದೇ ಊರಿನಲ್ಲಿ. ಆ ನೆನಪಿಗೆ ಇಲ್ಲಿ ಚಿನ್ನದ ಬಣ್ಣದ ಒಂದು ಕಟಕಟೆಯೂ ಇದೆ.

ಮಧ್ಯಾಹ್ನ ದೋಣಿಯೇರಿ ಸರೋವರದ ಪೂರ್ವ ದಂಡೆಯ ಹಳ್ಳಿಗೆ ಹೊರಟೆವು. ಹಳ್ಳಿಯ ಹೆಸರನ್ನು ಫ್ರೆಂಚರು ಉಚ್ಚರಿಸುವಾಗ 'ತಲ್ವಾರ್' ಎಂದೇ ಕೇಳುತ್ತದೆ. ಕತ್ತಿಯ ಹೆಸರಿನ ಊರು ಅಷ್ಟು ಸೌಮ್ಯವಾಗಿರಬಹುದೆಂದು ನಾವು ಎಣಿಸಿರಲಿಲ್ಲ. ಸರೋವರ ಸುಮಾರು 27 ಚದರ ಕಿಲೋಮೀಟರ್ ವಿಸ್ತಾರದ್ದು. ಹದಿನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದ, ಅಗಲ ಕಡಿಮೆ. ನಡುವೆ ಬಂಡೆಯೊಂದು ಮುಂದಕ್ಕೆ ಚಾಚಿ ಅದನ್ನು ದೊಡ್ಡ ಸರೋವರ, ಚಿಕ್ಕ ಸರೋವರ ಎಂದು ಎರಡಾಗಿ ವಿಂಗಡಿಸಿದೆ. ಒಂದು ಮಗ್ಗುಲಿಗೆ 2,351 ಮೀಟರ್ ಎತ್ತರದ ತೂರ್ನೆತ್ ಶಿಖರ, ಇನ್ನೊಂದು ಮಗ್ಗುಲಿಗೆ ಕಾಡು ಹೊದ್ದ ಸೆಮ್ನೋಜ್ ಬೆಟ್ಟ. 1896ರಲ್ಲಿ ಚಿತ್ರಕಾರ ಸೆಜಾನ್ ಇದೇ ತಲ್ವಾರ್‌ನಲ್ಲಿ ತಂಗಿದ್ದು, ಎದುರು ದಂಡೆಯ ಕೋಟೆಮನೆಯನ್ನು ನೋಡುತ್ತ ಬರೆದ ಚಿತ್ರ ಇಂದು ಲಂಡನ್ನಿನ ಕೋರ್ಟಾಲ್ಡ್ ಸಂಗ್ರಹಾಲಯದಲ್ಲಿದೆ. ಹಲವು ವರ್ಷಗಳ ಅನಂತರ ನಾನು ಆ ಚಿತ್ರದ ಮುಂದೆ ನಿಂತಾಗ, ಆ ಗಾಢ ನೀಲಿ ಕಲಾವಿದನ ಕಲ್ಪನೆಯಷ್ಟೇ ಅಲ್ಲವೆಂದು ಪಕ್ಕದಲ್ಲಿದ್ದ ಅಪರಿಚಿತರಿಗೆ ಹೇಳಬೇಕೆನಿಸಿತ್ತು.

ನೀರಿನ ಬಗೆಗೆ ಒಂದು ಮಾತು. ದೋಣಿಯಿಂದ ಬಗ್ಗಿ ನೋಡಿದರೆ ದಂಡೆಯ ಸಮೀಪದ ಕಲ್ಲುಗಳು, ಅವುಗಳ ನಡುವೆ ಸುಳಿಯುವ ಮರಿಮೀನುಗಳು ಒಂದೊಂದಾಗಿ ಕಾಣುತ್ತಿದ್ದವು. ಕೋಲ್ಕತ್ತದ ಮಿತ್ರರ ಗಮನವೆಲ್ಲ ಮೀನುಗಳ ಮೇಲೆ. ಮಕ್ಕಳು ದೋಣಿಕಟ್ಟೆಯಿಂದ ಧುಮುಕುತ್ತಿದ್ದರು, ವೃದ್ಧರು ನಿಧಾನವಾಗಿ ಈಜುತ್ತಿದ್ದರು. ನಾವು ಮಾತ್ರ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಕಲ್ಲಿನ ಮೇಲೆ ಕುಳಿತು ಕಾಲು ಇಳಿಬಿಟ್ಟೆವು. ಹಿಮಬೆಟ್ಟದ ನೀರು ಕೊರೆಯುತ್ತಿತ್ತು. ಮಧ್ಯಾಹ್ನದ ಚಿತ್ರಾನ್ನಕ್ಕೆ ಅಷ್ಟು ರುಚಿ ಎಲ್ಲಿಂದ ಬಂತೆಂದು ಇಂದಿಗೂ ತಿಳಿಯದು. ಡಬ್ಬಿ ತೊಳೆಯಲು ನೀರಿಗೆ ಇಳಿಯಹೊರಟ ನನ್ನ ಪತ್ನಿಯನ್ನು ಧಾರವಾಡದ ಮಿತ್ರರ ಮಡದಿ ತಡೆದರು: "ಬ್ಯಾಡ ಅಕ್ಕಾ, ಇಲ್ಲಿ ಒಂದಗಳು ಅನ್ನಾನೂ ನೀರಿಗೆ ಚೆಲ್ಲಂಗಿಲ್ಲ." ನಾವು ಡಬ್ಬಿಗಳನ್ನು ಹಾಗೆಯೇ ಮುಚ್ಚಿಕೊಂಡು ಬಾಡಿಗೆಯ ಮನೆಗೆ ಬಂದೆವು.

ರಾತ್ರಿ ಊಟದ ಹೊತ್ತಿಗೆ ಮನೆಯೊಡತಿ ಹೂಜಿಯಲ್ಲಿ ನೀರು ತಂದಿಟ್ಟರು. ಕುಡಿದು ನೋಡಿ ಧಾರವಾಡದ ಮಿತ್ರರು, ಬೆಟ್ಟದ ಯಾವ ಒರತೆಯ ನೀರಿದು ಎಂದು ಕೇಳಿಸಿದರು. ಅವರ ಮಡದಿಗೆ ಫ್ರೆಂಚ್ ಚೆನ್ನಾಗಿ ಬರುತ್ತಿದ್ದುದರಿಂದ ಆ ಎರಡು ದಿನ ಅವರೇ ನಮ್ಮ ದುಭಾಷಿ. ಆಕೆ ಕಿಟಕಿಯತ್ತ ಕೈತೋರಿಸಿ, "ಅಲ್ಲಿನದು, ನೀವು ಕಾಲು ಇಳಿಬಿಟ್ಟು ಕುಳಿತಿದ್ದಿರಲ್ಲ, ಅದೇ ನೀರು" ಎಂದು ನಕ್ಕರು. ಶುದ್ಧೀಕರಿಸಿ ಕೊಡುತ್ತಾರೆಂಬುದು ನಿಜ. ಆದರೂ ಒಂದು ಪಟ್ಟಣ ತನ್ನ ಮಕ್ಕಳು ಈಜುವ, ಪ್ರವಾಸಿಗಳು ದೋಣಿ ನಡೆಸುವ ಸರೋವರದಿಂದಲೇ ಕುಡಿಯುವ ನೀರನ್ನೂ ಎತ್ತುತ್ತದೆ ಎಂಬುದನ್ನು ನಂಬಲು ನಮಗೆ ತುಸು ಹೊತ್ತು ಬೇಕಾಯಿತು. ಇಲ್ಲಿನವರು ಸ್ವಭಾವತಃ ಶುಚಿ, ದೇಶವೂ ಶ್ರೀಮಂತ, ಅದಕ್ಕೇ ಹೀಗೆ ಎಂದು ಕೋಲ್ಕತ್ತದ ಮಿತ್ರರು ತೀರ್ಪು ಕೊಟ್ಟರು. ಅದನ್ನು ಅನುವಾದಿಸಿ ಹೇಳಿದಾಗ ಆಕೆ ಜೋರಾಗಿ ತಲೆಯಾಡಿಸಿ ಅಲ್ಲಗಳೆದರು. ಆಮೇಲೆ ಆಕೆ ಹೇಳಿದ್ದು ಸರೋವರದ ಕತೆ.

ಆಕೆಯ ತಂದೆ ಅದೇ ದಂಡೆಯಲ್ಲಿ ಸಣ್ಣದೊಂದು ವಸತಿಗೃಹ ನಡೆಸುತ್ತಿದ್ದರಂತೆ. ಅಡುಗೆಮನೆಯ ಮತ್ತು ಪಾಯಿಖಾನೆಯ ಕೊಳವೆ ನೇರವಾಗಿ ಸರೋವರಕ್ಕೆ. ಅವರೊಬ್ಬರದೇ ಅಲ್ಲ, ಎಲ್ಲರದೂ. ಎರಡನೆಯ ಮಹಾಯುದ್ಧದ ಮುಂಚಿನಿಂದಲೂ ಪ್ರವಾಸಿಗಳು ಬರುತ್ತಿದ್ದ ಸೀಮೆ ಅದು. ಬಂದವರು ಹೆಚ್ಚಿದಂತೆ ಕೊಳವೆಗಳೂ ಹೆಚ್ಚಿದವು. ಬೇಸಿಗೆಯಲ್ಲಿ ದಂಡೆಯ ಕಲ್ಲುಗಳಿಗೆ ಪಾಚಿ ಕಟ್ಟತೊಡಗಿತು. ಈ ಸರೋವರಕ್ಕೆ ಹೆಸರು ತಂದದ್ದು ಓಂಬ್ಲ್ ಎಂಬ ಮೀನು. ಅದು ಆಳದ ತಣ್ಣೀರಿನಲ್ಲಿ, ಕಲ್ಲುಹರಳಿನ ಹಾಸಿನ ಮೇಲೆ ಮೊಟ್ಟೆಯಿಡುತ್ತದೆ. ಚರಂಡಿಯ ನೀರಿನಲ್ಲಿರುವ ರಂಜಕ, ಸಾರಜನಕಗಳಿಂದ ಪಾಚಿ ಕೊಬ್ಬುತ್ತದೆ. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಆಳದ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೇಲಿನಿಂದ ನೋಡುವವರಿಗೆ ಸರೋವರ ನೀಲಿಯಾಗಿಯೇ ಕಾಣುತ್ತಿರುತ್ತದೆ, ಕೆಳಗೆ ಉಸಿರು ಕಟ್ಟುತ್ತಿರುತ್ತದೆ.

ಈ ಲಕ್ಷಣಗಳನ್ನು ಮೊದಲು ಗುರುತಿಸಿದವರಲ್ಲಿ ಪ್ರಮುಖರು ಆನ್ಸಿಯ ಒಬ್ಬ ವೈದ್ಯರು, ಡಾಕ್ಟರ್ ಸೆರ್ವೆತ್ತಾಜ್. 1940ರ ದಶಕದಿಂದಲೇ ಅವರು ಸರೋವರವನ್ನು ಒಬ್ಬ ರೋಗಿಯಂತೆ ಪರೀಕ್ಷಿಸಿ, ಊರವರನ್ನು ಎಚ್ಚರಿಸುತ್ತ ಬಂದರು. ಮೊದಮೊದಲು ಕೇಳಿದವರು ಕಡಿಮೆ. "ನನ್ನೊಬ್ಬನ ಕೊಳವೆಯಿಂದ ಇಷ್ಟು ದೊಡ್ಡ ಸರೋವರ ಸತ್ತುಹೋಗುತ್ತದೆಯೇ ಎಂದು ನಮ್ಮಪ್ಪನೇ ಜಗಳವಾಡಿದ್ದರು" ಎಂದು ಆಕೆ ನೆನೆದರು. ಕೊನೆಗೆ 1957ರಲ್ಲಿ ದಂಡೆಯ ಪುರಸಭೆಗಳು, ಗ್ರಾಮಸಭೆಗಳು ಸೇರಿ ಒಂದು ಜಂಟಿ ಮಂಡಳಿಯನ್ನು ಕಟ್ಟಿಕೊಂಡವು. ಅವು ಕೈಗೆತ್ತಿಕೊಂಡ ಕೆಲಸ ಹೇಳಲು ಸರಳ, ಮಾಡಲು ಕಷ್ಟ. ಸರೋವರದ ಸುತ್ತ ಹಾರದಂತೆ ಒಂದು ಒಳಚರಂಡಿಯನ್ನು ಹಾಕುವುದು. ಪ್ರತಿ ಮನೆಯ, ಪ್ರತಿ ವಸತಿಗೃಹದ ಕೊಳವೆಯನ್ನು ಅದಕ್ಕೆ ಸೇರಿಸುವುದು. ಕೊಳಚೆಯನ್ನೆಲ್ಲ ಪಟ್ಟಣದ ಕೆಳಭಾಗಕ್ಕೆ ಒಯ್ದು, ಶುದ್ಧೀಕರಿಸಿ, ಸರೋವರಕ್ಕಲ್ಲದೆ ಅದರ ಆಚೆಗಿನ ಫಿಯೆರ್ ನದಿಗೆ ಬಿಡುವುದು. ಶುದ್ಧೀಕರಿಸಿದ ನೀರನ್ನು ಕೂಡ ಸರೋವರಕ್ಕೆ ಬಿಡಬಾರದೆಂಬ ಆ ಹಟವೇ ಯೋಜನೆಯ ಜೀವಾಳ. 1960ರ ದಶಕದ ಆರಂಭದಲ್ಲಿ ಹಿಡಿದ ಕೆಲಸ ಮುಗಿಯುವ ಹೊತ್ತಿಗೆ 1970ರ ದಶಕ ಅರ್ಧ ಕಳೆದಿತ್ತು. ಯೂರೋಪಿನ ಅತ್ಯಂತ ಶುಭ್ರ ಸರೋವರಗಳಲ್ಲೊಂದು ಎಂಬ ಖ್ಯಾತಿ ಅನಂತರ ಬಂದದ್ದು.

ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದವನು. ತನ್ನ ಲಾಭ ತನಗೆ, ಅದರ ನಷ್ಟ ಊರಿಗೆ ಎಂಬ ವ್ಯವಹಾರವನ್ನು ಪಿಗೂ ಎಂಬ ಪಂಡಿತ ನೂರು ವರ್ಷಗಳ ಹಿಂದೆಯೇ ವಿವರಿಸಿದ್ದಾನೆ. ಎಲ್ಲರಿಗೂ ಸೇರಿದ ಆಸ್ತಿ ಹಾಳಾಗುವುದು ಅನಿವಾರ್ಯ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ಪ್ರಬಂಧವನ್ನು ನಾವೆಲ್ಲ ಉರುಹೊಡೆದಿದ್ದೆವು. ಅದಕ್ಕೆ ಪರಿಹಾರ ಎರಡೇ ಎಂದು ನಮಗೆ ಕಲಿಸಲಾಗಿತ್ತು: ಒಂದೋ ಸರ್ಕಾರ ವಹಿಸಿಕೊಳ್ಳಬೇಕು, ಇಲ್ಲವೇ ಖಾಸಗಿಯವರಿಗೆ ಕೊಡಬೇಕು. ಆ ರಾತ್ರಿ ಊಟದ ಮೇಜಿನ ಮುಂದೆ ಕುಳಿತು ಕೇಳಿದ ಕತೆ ಈ ಎರಡಕ್ಕೂ ಸೇರದು. ಎಲಿನಾರ್ ಆಸ್ಟ್ರಂ ಎಂಬ ವಿದುಷಿ 1990ರ ತಮ್ಮ ಪುಸ್ತಕದಲ್ಲಿ ಇಂಥ ಮೂರನೆಯ ದಾರಿಯನ್ನೇ ವಿವರಿಸಿದ್ದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯವರು, ಚಳಿಗಾಲದಲ್ಲಿ ತಾನು ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಒಬ್ಬನು ಬೇಸಿಗೆಯ ಬೆಟ್ಟದ ಹುಲ್ಲುಗಾವಲಿಗೆ ಅಟ್ಟಬಹುದೆಂದು 1517ರಲ್ಲೇ ಕಟ್ಟಳೆ ಮಾಡಿಕೊಂಡಿದ್ದುದು ಅವರು ಕೊಡುವ ನಿದರ್ಶನಗಳಲ್ಲೊಂದು. ಆಸ್ಟ್ರಂ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದದ್ದು 2009ರಲ್ಲಿ. ನಾನು ಅವರನ್ನು ಓದಿದ್ದು ಅದಕ್ಕೂ ಅನಂತರ. ಆದರೆ ಪಾಠ ಮೊದಲು ಆದದ್ದು ತಲ್ವಾರ್‌ನಲ್ಲಿ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಮನೆಯೊಡತಿ ಒಳಗಿನಿಂದ ಒಂದು ಕಾಗದ ತಂದು ನನ್ನ ಮುಂದಿಟ್ಟರು. ನಾನು ಸರ್ಕಾರಿ ಅಧಿಕಾರಿ ಎಂಬುದು ಅವರಿಗೆ ಹಿಂದಿನ ರಾತ್ರಿ ತಿಳಿದಿತ್ತು. ಅದು ಮನೆಯ ನೀರಿನ ಬಿಲ್ಲು. ಕುಡಿಯುವ ನೀರಿಗೆ ಇಷ್ಟು ಎಂದು ಒಂದು ಬಾಬು. ಕೊಳಚೆ ನೀರಿನ ಸಂಗ್ರಹ ಮತ್ತು ಶುದ್ಧೀಕರಣಕ್ಕೆ ಇಷ್ಟು ಎಂದು ಬೇರೆಯದೇ ಬಾಬು. ಎರಡನೆಯದರ ಮೇಲೆ ಬೆರಳಿಟ್ಟು ಆಕೆ ಹೇಳಿದರು: "ಕಾಗದಪತ್ರದಲ್ಲಿ ಸರೋವರ ಸರ್ಕಾರದ್ದು. ಆದರೆ ಬಿಲ್ಲು ನಮ್ಮದು. ಹಾಗಾಗಿ ಯಜಮಾನರೂ ನಾವೇ." ಆಮೇಲೆ ಸಹಜವಾದ ಕುತೂಹಲದಿಂದ ಆ ಪ್ರಶ್ನೆ ಕೇಳಿದರು. ನಿಮ್ಮಲ್ಲಿಯೂ ಸರೋವರಗಳಿವೆಯಂತಲ್ಲ, ನಿಮ್ಮ ಊರಿನ ಕೆರೆಗೆ ಯಜಮಾನರು ಯಾರು?

ಧಾರವಾಡದ ಮಿತ್ರರು ನನ್ನತ್ತ ನೋಡಿದರು. "ಸಾಹೇಬ್ರ, ಇದು ನಿಮ್ಮ ಖಾತೆ ಪ್ರಶ್ನಾ. ನೀವ ಹೇಳ್ರಿ" ಎಂದರು. ನಾನು ಕಂದಾಯ ಇಲಾಖೆ, ಸಣ್ಣ ನೀರಾವರಿ, ಪಂಚಾಯಿತಿ, ಮೀನುಗಾರಿಕೆ ಎಂದು ಒಂದೊಂದೇ ಹೆಸರು ಹೇಳುತ್ತ ಹೋದೆ. ನೆಲ ಒಬ್ಬರದು, ನೀರು ಒಬ್ಬರದು, ಏರಿ ಇನ್ನೊಬ್ಬರದು, ಮೀನಿನ ಹರಾಜು ಮತ್ತೊಬ್ಬರದು. ಅಷ್ಟನ್ನೂ ಅನುವಾದಿಸಿ ಮುಗಿಸಿದಾಗ ಆಕೆ ಕೇಳಿದ್ದು ಒಂದೇ ಮಾತು: "ಹಾಗಾದರೆ ಯಾರೂ ಅಲ್ಲ?"

ನಾನು ಉತ್ತರಿಸಲಿಲ್ಲ. ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ನಿಂತದ್ದು ಆರು ವರ್ಷಗಳ ಹಿಂದಿನ ಒಂದು ಕಡತ.

1993ರಲ್ಲಿ ನಾನು ಬಯಲುಸೀಮೆಯ ಒಂದು ಜಿಲ್ಲೆಯ ಜಿಲ್ಲಾಧಿಕಾರಿಯಾಗಿದ್ದೆ. ಅಲ್ಲಿನ ತಾಲ್ಲೂಕು ಕೇಂದ್ರವೊಂದರ ಅಂಚಿನಲ್ಲಿದ್ದ ಇಪ್ಪತ್ತೆಂಟು ಎಕರೆಯ ಕೆರೆಯ ಅಂಗಳವನ್ನು ಬಸ್ ನಿಲ್ದಾಣಕ್ಕೂ ನಿವೇಶನಗಳಿಗೂ ಕೊಡಬೇಕೆಂಬ ಪ್ರಸ್ತಾವನೆ ನನ್ನ ಮುಂದೆ ಬಂತು. ಹಲವು ವರ್ಷಗಳಿಂದ ನೀರು ನಿಂತಿಲ್ಲ, ಹೂಳು ತುಂಬಿದೆ, ಊರಿನ ಚರಂಡಿ ಸೇರಿ ಸೊಳ್ಳೆಗಳ ಬೀಡಾಗಿದೆ, ಆದ್ದರಿಂದ ಕೆರೆಯು ಕೆರೆಯಾಗಿ ಉಪಯುಕ್ತವಾಗಿಲ್ಲ ಎಂದು ಕೆಳಗಿನ ವರದಿಗಳೆಲ್ಲ ಒಂದೇ ಧಾಟಿಯಲ್ಲಿದ್ದವು. ನಿವೇಶನ ಬೇಕಾದವರು ಬಡವರು. ಬಸ್ ನಿಲ್ದಾಣ ಊರಿನ ಬಹುದಿನದ ಬೇಡಿಕೆ. ವಿರೋಧವಾಗಿ ಕಡತದಲ್ಲಿದ್ದುದು ಒಂದೇ ಒಂದು ಅರ್ಜಿ. ಆ ಕೆರೆಯ ನೀರಗಂಟಿಯದು.

ನೀರಗಂಟಿ ಎಂದರೆ ಯಾರೆಂದು ಇಂದಿನ ನಗರದ ಓದುಗರಿಗೆ ಹೇಳಬೇಕಾದೀತು. ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವ ದಿನ ಎಷ್ಟು ನೀರು ಎಂದು ಹಂಚುತ್ತಿದ್ದವನು. ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಕಂದೀಲು ಹಿಡಿದು ಕಾವಲಿರುತ್ತಿದ್ದವನು. ಬಹುಪಾಲು ದಲಿತ ಕುಟುಂಬಗಳು ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವು. ನಮ್ಮ ಹಳೆಯ ಶಾಸನಗಳನ್ನು ನೋಡಿದರೆ ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಬಿಟ್ಟ 'ಬಿತ್ತುವಟ್ಟ', 'ಕಟ್ಟುಕೊಡಗೆ' ಮುಂತಾದ ಭೂಮಿಯ ಉಲ್ಲೇಖಗಳು ಬರುತ್ತವೆ. ಹೂಳೆತ್ತುವ ಬಂಡಿಗೂ ಉಂಬಳಿ ಇತ್ತು. ಅಂದರೆ ಆನ್ಸಿಯ ಮನೆಯೊಡತಿ ತೋರಿಸಿದ ಎರಡನೆಯ ಬಾಬು ನಮ್ಮಲ್ಲಿ ಎಂದೋ ಇತ್ತು. ಅದು ಹಣದ ರೂಪದಲ್ಲಿರಲಿಲ್ಲ, ಭೂಮಿಯ ಮತ್ತು ದುಡಿಮೆಯ ರೂಪದಲ್ಲಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯವೂ ಇತ್ತು ಎಂಬುದನ್ನು ಮರೆಯಬಾರದು. ಕೆರೆ ಕಾಯ್ದವನ ಸ್ವಂತ ಹೊಲಕ್ಕೆ ನೀರು ತಲುಪಿದ್ದು ಅಪರೂಪ. ಆದರೆ ಕೆರೆಗಳು ಸರ್ಕಾರದ ವಶಕ್ಕೆ ಬಂದ ಮೇಲೆ ನಾವು ಆ ಅನ್ಯಾಯವನ್ನು ಸರಿಪಡಿಸಲಿಲ್ಲ, ಹೊಣೆಯನ್ನು ಮಾತ್ರ ಕಳಚಿಹಾಕಿದೆವು.

ಆ ಅರ್ಜಿಯನ್ನು ಯಾರಿಂದಲೋ ಬರೆಸಿ, ಹೆಬ್ಬೆಟ್ಟು ಒತ್ತಲಾಗಿತ್ತು. ತನಗೆಂದು ಆತ ಏನನ್ನೂ ಕೇಳಿರಲಿಲ್ಲ. "ಮೇಲಿನ ಎರಡು ಕೆರೆ ಕೋಡಿ ಬಿದ್ದರೆ ಆ ನೀರು ಎಲ್ಲಿಗೆ ಹೋಗಬೇಕು ಸ್ವಾಮಿ?" ಎಂಬುದು ಅದರ ತಿರುಳು. ನಮ್ಮ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇರುವವು. ಮೇಲಿನದು ತುಂಬಿ ಹರಿದ ನೀರು ಕೆಳಗಿನದಕ್ಕೆ. ಅಷ್ಟು ಸರಳವಾದ ಪ್ರಶ್ನೆಗೆ ನನ್ನ ಕಚೇರಿಯ ಟಿಪ್ಪಣಿ ಹೀಗಿತ್ತು: 'ಅರ್ಜಿದಾರರು ಸದರಿ ಜಮೀನಿನ ಮೇಲೆ ಯಾವುದೇ ಹಕ್ಕು ದಾಖಲೆಗಳನ್ನು ಹಾಜರುಪಡಿಸಿರುವುದಿಲ್ಲ.' ಅದರ ಕೆಳಗೆ ನಾನು ಸಹಿ ಹಾಕಿದೆ. ಲಂಚಕ್ಕಾಗಿ ಅಲ್ಲ, ಒತ್ತಡಕ್ಕಾಗಿಯೂ ಅಲ್ಲ. ಕಡತ ಕ್ರಮಬದ್ಧವಾಗಿತ್ತು ಎಂಬ ಒಂದೇ ಕಾರಣಕ್ಕೆ. ಆ ಸಂಜೆ ನನಗೆ ನೆಮ್ಮದಿಯ ನಿದ್ರೆಯೂ ಬಂದಿತ್ತು.

ಸರೋವರದ ದಂಡೆಯಲ್ಲಿ ಆಕೆಯ ಪ್ರಶ್ನೆ ಕೇಳಿದಾಗ ನನಗೆ ಹೊಳೆದದ್ದು ಇಷ್ಟೆ. ನನ್ನ ಇಪ್ಪತ್ತೆಂಟು ಎಕರೆಯ ಕೆರೆಗೆ ಒಬ್ಬ ಯಜಮಾನನಿದ್ದ. ಅವನು ಅರ್ಜಿಯನ್ನೂ ಕೊಟ್ಟಿದ್ದ. ಅವನ ಬಳಿ ದಾಖಲೆ ಇಲ್ಲವೆಂದು ನಾನು ಅವನನ್ನು ಹೊರಗೆ ಕಳಿಸಿದ್ದೆ.

ಆನ್ಸಿಯನ್ನು ನಾನು ಸ್ವರ್ಗವೆಂದು ಬಣ್ಣಿಸಲಾರೆ. ಅದು ಹಿಮಯುಗ ಕೊರೆದ ಸಹಜ ಸರೋವರ, ನಮ್ಮ ಕೆರೆಗಳು ಮನುಷ್ಯ ಕಟ್ಟಿದವು, ಹೋಲಿಕೆಗೆ ಮಿತಿಯುಂಟು. ಯುದ್ಧಾನಂತರದ ಫ್ರಾನ್ಸ್ ಬೆಳೆಯುತ್ತಿದ್ದ ದೇಶ, ಖರ್ಚು ಮಾಡಲು ಅದಕ್ಕೆ ಶಕ್ತಿಯಿತ್ತು. ಶುಭ್ರವಾದ ಸರೋವರ ತಂದ ಕೀರ್ತಿಯಿಂದಲೇ ಇಂದು ಅಲ್ಲಿ ಬೇಸಿಗೆಯಲ್ಲಿ ವಾಹನಗಳ ಸಾಲು, ದಂಡೆಯ ಮನೆಗಳಿಗೆ ಕಣ್ಣು ಕುಕ್ಕುವ ಬೆಲೆ. ಊರಿನ ಮಕ್ಕಳಿಗೆ ಊರಿನಲ್ಲಿ ಮನೆ ಕೊಳ್ಳುವುದು ಕಷ್ಟ. 2018ರ ಬರಗಾಲದಲ್ಲಿ ನೀರು ಇಳಿದು ದಂಡೆಯ ತಳವೇ ಬಿಸಿಲಿಗೆ ಬಂದಿತ್ತು. ಹವಾಮಾನದ ಬದಲಾವಣೆಗೆ ಒಳಚರಂಡಿಯ ಹಾರ ಉತ್ತರವಾಗಲಾರದು. ಆದರೂ ಅವರು ಸರಿಯಾಗಿ ಮಾಡಿದ ಒಂದು ಕೆಲಸವನ್ನು ಒಪ್ಪಲೇಬೇಕು: ಸರೋವರ ಸಾಯುವ ಮುನ್ನ ಖರ್ಚು ಮಾಡಿದರು. ದಂಡೆಯ ನಿರ್ಮಾಣಗಳಿಗೆ ಅಂಕುಶ ಹಾಕುವ ಅವರ 1986ರ ಕರಾವಳಿ ಕಾಯ್ದೆ ಸಮುದ್ರಕ್ಕಷ್ಟೇ ಅಲ್ಲದೆ ಸಾವಿರ ಹೆಕ್ಟೇರಿಗೂ ದೊಡ್ಡದಾದ ಸರೋವರಗಳಿಗೂ ಅನ್ವಯಿಸುತ್ತದೆ. ಸರೋವರದ ತುದಿಯ ಜೌಗುಭೂಮಿಯನ್ನು 1974ರಲ್ಲೇ ಸಂರಕ್ಷಿತ ಪ್ರದೇಶವಾಗಿಸಿದ್ದರು. ಜೌಗು ಅವರಿಗೆ ನಿವೇಶನವಾಗಿ ಕಾಣಲಿಲ್ಲ.

ನಮ್ಮಲ್ಲಿ ಕಾನೂನಿಗೂ ಸಮಿತಿಗೂ ಬರವಿಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಕೆಂಪೇಗೌಡ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು ಎಲ್ಲರೂ ಬಲ್ಲ ಸಂಗತಿ. ಉಳಿದ ಕೆರೆಗಳನ್ನು ಉಳಿಸಿಕೊಳ್ಳುವ ಬಗೆಯನ್ನು ನನ್ನ ಹಿರಿಯರಾದ ಎನ್. ಲಕ್ಷ್ಮಣರಾವ್ ಅವರ ಸಮಿತಿ 1980ರ ದಶಕದಲ್ಲೇ ಹೇಳಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು, 2014ರಲ್ಲಿ ಕಾಯ್ದೆ ಬಂತು. ಆದರೂ 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. ಅನಂತರದ ವರ್ಷಗಳಲ್ಲಿ ಕೆರೆಗೆ ಬೆಂಕಿ ಹತ್ತಿದ್ದನ್ನು ಜಗತ್ತೇ ನೋಡಿತು. ಕೆರೆಗೆ ಸೇರುವ ಕೊಳಚೆಯನ್ನು ಮೊದಲು ತಡೆಯದೆ, ಏರಿಯ ಮೇಲೆ ನಡಿಗೆಪಥ ಹಾಕಿ, ಬೇಲಿ ಕಟ್ಟಿ, ಕಾರಂಜಿ ಚಿಮ್ಮಿಸಿದರೆ ಅದು ಅಭಿವೃದ್ಧಿಯಾಗದು. ಆನ್ಸಿಯವರು ಮಾಡಿದ ಕ್ರಮ ಇದರ ತಿರುವುಮುರುವು: ಮೊದಲು ಕಣ್ಣಿಗೆ ಕಾಣದ ಕೊಳವೆ, ಆಮೇಲೆ ಕಣ್ಣಿಗೆ ಕಾಣುವ ಅಂದ.

ನಿವೃತ್ತನಾದ ಮೇಲೆ, 2022ರಲ್ಲಿ ರಾಜ್ಯದಾದ್ಯಂತ ಭಾರಿ ಮಳೆಯಾಗಿ ಕೆರೆಗಳು ಕೋಡಿ ಬಿದ್ದ ಸುದ್ದಿ ಓದಿದಾಗ ಮನಸ್ಸು ತಡೆಯದೆ ಆ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ನೀರು ಇಳಿದಿದ್ದರೂ ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಇತ್ತು. ಹಿಂದಿನ ಬಡಾವಣೆಯ ಮನೆಗಳವರು ಹಾಸಿಗೆ, ಅಕ್ಕಿಮೂಟೆ, ಮಕ್ಕಳ ಪುಸ್ತಕಗಳನ್ನು ಬಿಸಿಲಿಗೆ ಹರವಿದ್ದರು. ನಾನು ಸಹಿ ಹಾಕುವಾಗ ಕನಿಕರಪಟ್ಟ ಬಡವರು ಅವರೇ, ಅಥವಾ ಅವರ ಮಕ್ಕಳು. ಚಹಾದ ಅಂಗಡಿಯ ಹುಡುಗ ಲೋಟ ಕೈಗಿಡುತ್ತ, "ಏನ್ ಮಾಡೋದು ಸಾರ್, ಜೋರು ಮಳೆ ಬಂದ್ರೆ ಇಲ್ಲಿ ಕೆರೆ ಆಗ್ಬಿಡುತ್ತೆ" ಎಂದ. ಅದು ಮೊದಲಿನಿಂದಲೂ ಕೆರೆಯೇ ಎಂದು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ನೀರಗಂಟಿಯ ಬಗ್ಗೆ ವಿಚಾರಿಸಿದೆ. ತೀರಿಹೋಗಿ ಬಹಳ ವರ್ಷಗಳಾದವು ಎಂದರು. ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರಂತೆ.

ನಿವೃತ್ತ ಅಧಿಕಾರಿಗಳು ಸಲಹೆ ಕೊಡುವುದರಲ್ಲಿ ಉದಾರಿಗಳು ಎಂಬ ಮಾತಿದೆ. ನನ್ನದು ಸಣ್ಣ ಸಲಹೆ. ಪ್ರತಿ ಊರಿನ, ಪ್ರತಿ ಬಡಾವಣೆಯ ನೀರಿನ ಬಿಲ್ಲಿನಲ್ಲಿ ಅಲ್ಲಿನ ಕೊಳಚೆ ಹರಿದು ಸೇರುವ ಕೆರೆಯ ಹೆಸರನ್ನು ಅಚ್ಚು ಮಾಡಲಿ. ಅದನ್ನು ಶುದ್ಧವಾಗಿಡಲು ಆ ಮನೆಯ ಪಾಲು ಎಷ್ಟೆಂಬುದನ್ನು ಬೇರೆ ಬಾಬಾಗಿ ತೋರಿಸಲಿ. ಆ ಹಣ ಆ ಕೆರೆಗೇ ಖರ್ಚಾಗಲಿ. ಲೆಕ್ಕವನ್ನು ಕೆರೆಯ ಏರಿಯ ಮೇಲೆಯೇ ಫಲಕ ಹಾಕಿ ತೋರಿಸಲಿ. ಬಡವರಿಗೆ ರಿಯಾಯಿತಿ ಇರಲಿ, ಬೃಹತ್ ವಸತಿ ಸಮುಚ್ಚಯಗಳಿಗೆ ಬೇಡ. ಹಣ ಕೊಟ್ಟವರು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳುವವರು ಹತ್ತು ಮಂದಿ ಇದ್ದರೆ, 'ಉಪಯುಕ್ತವಾಗಿಲ್ಲ' ಎಂಬ ವರದಿಯ ಕೆಳಗೆ ಸಹಿ ಹಾಕುವ ಮುನ್ನ ನನ್ನಂಥ ಅಧಿಕಾರಿಯೂ ಒಮ್ಮೆ ಕೆರೆಯ ಬಳಿ ಹೋಗಿ ನೋಡಿಯಾನು.

ಆ ಭಾನುವಾರ ಸಂಜೆ ಜಿನೀವಾಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಉಳಿದವರೆಲ್ಲ ಮೀನು, ದೋಣಿ, ಬೆಟ್ಟಗಳ ಮಾತನಾಡುತ್ತಿದ್ದರು. ಧಾರವಾಡದ ಮಿತ್ರರು ಮಾತ್ರ ತಮ್ಮೂರಿನ ಕೆಲಗೇರಿ ಕೆರೆಯಲ್ಲಿ ಬಾಲ್ಯದಲ್ಲಿ ಈಜಿದ್ದನ್ನು ನೆನೆಯುತ್ತ ಕಿಟಕಿಯಾಚೆ ನೋಡುತ್ತಿದ್ದರು. ನಾನು ಸುಮ್ಮನೆ ಕುಳಿತಿದ್ದೆ.

ಸರ್ಕಾರಿ ಕಚೇರಿಯಲ್ಲಿ ಯಾವುದೇ ಅರ್ಜಿಗೆ ಹಿಂಬರಹ ಕೊಡಬೇಕೆಂಬುದು ನಿಯಮ. ಆ ನೀರಗಂಟಿಯ ಅರ್ಜಿಗೆ ನಾನು ಕೊಟ್ಟ ಹಿಂಬರಹ ತಪ್ಪಾಗಿತ್ತು. ಅವನ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ. ಈ ಲೇಖನವನ್ನು ಮೂರು ದಶಕ ತಡವಾಗಿ ಬಂದ ಪರಿಷ್ಕೃತ ಹಿಂಬರಹವೆಂದು ಓದುಗರು ಭಾವಿಸಬೇಕಾಗಿ ವಿನಂತಿ.